ಒಳಗಿನ ಉರಿ, ಹೊರಗಿನ ಉರಿ: ಕಾಡಂಚಿನಲ್ಲಿ ಬೆಂಕಿ ಆರಿಸುವವರ ಆರೋಗ್ಯ

ಹಿಂದಿನ ಸಾಲಿನಲ್ಲಿ ಕೂತಿರುವ ಖಾಕಿ ಅಂಗಿಯ ಗೆಳೆಯರೇ (ದಯವಿಟ್ಟು ಮುಂದೆ ಬನ್ನಿ, ಇವತ್ತಿನ ಮಾತು ನಿಮ್ಮದೇ),

ನಾನು ಕಾಡಂಚಿನ ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ನಿವೃತ್ತನಾದ ವೈದ್ಯ. ವೈದ್ಯನನ್ನು ವೇದಿಕೆಗೆ ಕರೆದರೆ ಶುಗರ್, ಬಿಪಿ, ಮಾನಸಿಕ ಒತ್ತಡ ಇಂಥ ವಿಷಯ ಬರುತ್ತದೆ ಎಂದು ಸಂಘಟಕರು ಕಾದಿದ್ದರೇನೋ. ಬೆಂಕಿ ಆರಿಸುವವರ ಆರೋಗ್ಯ ಎಂದಾಗ, ಅದರಲ್ಲಿ ಒಂದು ಗಂಟೆ ಮಾತಾಡುವಷ್ಟು ಏನಿದೆ ಎಂದು ಕೇಳಿದರು. ಶುಗರ್, ಬಿಪಿಯೂ ಅದರೊಳಗೇ ಇವೆ ಎಂದು ಒಪ್ಪಿಸಿದ್ದೇನೆ.

2019ರ ಫೆಬ್ರುವರಿ ಕೊನೆಯ ವಾರ ಬಂಡೀಪುರ ಹೊತ್ತಿ ಉರಿದದ್ದು ನಿಮಗೆಲ್ಲ ನೆನಪಿರುತ್ತದೆ. ನಾಲ್ಕು ಸಾವಿರ ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟಿತು. ಎಷ್ಟು ಸುಟ್ಟಿತು ಎಂಬುದರ ಮೇಲೆ ವಾರಗಟ್ಟಲೆ ಜಗಳವಾಯಿತು, ಉಪಗ್ರಹದ ಚಿತ್ರ ತೆಗೆದು ಅಳೆದರು. ವಾಯುಪಡೆಯ ಹೆಲಿಕಾಪ್ಟರ್ ಬುಟ್ಟಿಯಲ್ಲಿ ನೀರು ತುಂಬಿಕೊಂಡು ಬಂದು ಸುರಿದ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬಂತು. ಆದರೆ ಹೆಲಿಕಾಪ್ಟರ್ ಬರುವುದಕ್ಕೆ ಮೊದಲೂ, ಹೋದ ಮೇಲೂ ಹಸಿ ಸೊಪ್ಪಿನ ಕೊಂಬೆ ಹಿಡಿದು ಬೆಂಕಿಯ ಅಂಚನ್ನು ಬಡಿದವರಲ್ಲಿ ಎಷ್ಟು ಜನ ತಲೆಸುತ್ತಿ ಬಿದ್ದರು, ಯಾರ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿತು, ಯಾರಿಗೆ ಮರುವಾರದವರೆಗೂ ಕೆಮ್ಮು ನಿಲ್ಲಲಿಲ್ಲ, ಇದನ್ನು ಕೇಳಿದ ಪತ್ರಕರ್ತರನ್ನು ನಾನು ಕಾಣಲಿಲ್ಲ. ಎಕರೆಗೆ ಇರುವ ಲೆಕ್ಕ ದೇಹಕ್ಕೆ ಇಲ್ಲ.

ಯಾರು ಇವರು? ಒಂದು, ಅರಣ್ಯ ಇಲಾಖೆಯ ಗಾರ್ಡುಗಳು ಮತ್ತು ವಾಚರುಗಳು. ಎರಡು, ಬೇಸಿಗೆಯ ತಿಂಗಳುಗಳಿಗಷ್ಟೇ ದಿನಗೂಲಿಯ ಮೇಲೆ ಬರುವ ಫೈರ್ ವಾಚರುಗಳು. ನಾಗರಹೊಳೆ, ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಡೆ ಇವರಲ್ಲಿ ಅನೇಕರು ಜೇನುಕುರುಬರು, ಬೆಟ್ಟಕುರುಬರು, ಸೋಲಿಗರು. ಮೂರು, ತಾಲ್ಲೂಕು ಅಗ್ನಿಶಾಮಕ ಠಾಣೆಯ ಸಿಬ್ಬಂದಿ. ನಾಲ್ಕನೆಯವರು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲದ ಊರಿನವರು. ತೋಟಕ್ಕೆ, ಬಣವೆಗೆ ಬೆಂಕಿ ಬಿತ್ತೆಂದರೆ ಲುಂಗಿ ಎತ್ತಿ ಕಟ್ಟಿ ಓಡುವವರು.

ಸಾವುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 2017ರ ಫೆಬ್ರುವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಒಬ್ಬ ಗಾರ್ಡ್. 2020ರ ಫೆಬ್ರುವರಿಯಲ್ಲಿ ಕೇರಳದ ತ್ರಿಶ್ಶೂರು ಜಿಲ್ಲೆಯ ಕೊಟ್ಟಂಬತ್ತೂರಿನಲ್ಲಿ ಮೂವರು ವಾಚರುಗಳು. 2023ರ ಫೆಬ್ರುವರಿಯಲ್ಲಿ ಸಕಲೇಶಪುರದ ಕಾಡಿನಲ್ಲಿ ಮತ್ತೊಬ್ಬ ಗಾರ್ಡ್. 2024ರ ಜೂನ್ 13ರಂದು ಉತ್ತರಾಖಂಡದ ಬಿನ್ಸರ್ ಅಭಯಾರಣ್ಯದಲ್ಲಿ ನಾಲ್ವರು ಸ್ಥಳದಲ್ಲೇ. ಇವೆಲ್ಲ ಸುಟ್ಟು ಸತ್ತ ಸಾವುಗಳು, ಆದ್ದರಿಂದ ಸುದ್ದಿಯಾದವು. ಬೆಂಕಿ ಆರಿಸಿ ಮನೆಗೆ ಬಂದು, ಕೈಕಾಲು ತೊಳೆದು, ಊಟಕ್ಕೆ ಕೂತಾಗ ಎದೆ ಹಿಡಿದು ಬಿದ್ದವನ ಸಾವು ಹೃದಯಾಘಾತ ಎಂದು ದಾಖಲಾಗುತ್ತದೆ. ಅದಕ್ಕೂ ಬೆಂಕಿಗೂ ಸಂಬಂಧ ಕಟ್ಟುವ ಕಾಲಂ ನಮ್ಮ ಯಾವ ಫಾರಂನಲ್ಲೂ ಇಲ್ಲ.

ಮೊದಲು ಶಾಖದ ವಿಷಯಕ್ಕೆ ಬರೋಣ. ಬೆಂಕಿಯ ಮುಂದೆ ದುಡಿಯುವವನಿಗೆ ಸೆಕೆ ಎಲ್ಲಿಂದ ಬರುತ್ತದೆ? ಬೆಂಕಿಯಿಂದ ಎನ್ನುತ್ತೀರಿ. 1980ರ ದಶಕದಲ್ಲಿ ಆಸ್ಟ್ರೇಲಿಯದಲ್ಲಿ ಪ್ರಾಜೆಕ್ಟ್ ಅಕ್ವೇರಿಯಸ್ ಎಂಬ ಅಧ್ಯಯನ ನಡೆಯಿತು. ಕುಂಟೆಯೂ ಗುದ್ದಲಿಯೂ ಸೇರಿದ ಕೈಸಾಮಾನು ಹಿಡಿದು ಕಾಡುಬೆಂಕಿ ಹಬ್ಬದಂತೆ ಗೆರೆ ಕಡಿಯುವವರ ಮೈಗೆ ಅಳತೆಯ ಉಪಕರಣ ಕಟ್ಟಿ, ನಿಜವಾದ ಬೆಂಕಿಯ ಪಕ್ಕದಲ್ಲೇ ಅಳೆದರು. ಗ್ರಹಾಂ ಬಡ್ ಎಂಬ ಶರೀರವಿಜ್ಞಾನಿ ಅದರಲ್ಲಿ ಮುಖ್ಯರು. ಅವರು ಕಂಡದ್ದು ಇಷ್ಟು: ಆ ಮನುಷ್ಯ ಹೊರುವ ಶಾಖದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅವನ ಸ್ವಂತ ಮಾಂಸಖಂಡಗಳು ಹುಟ್ಟಿಸಿದ್ದು. ಬೆಂಕಿ, ಬಿಸಿಲು ಎರಡೂ ಸೇರಿ ಉಳಿದ ಒಂದು ಪಾಲು.

ಇದು ಸಣ್ಣ ಮಾತಲ್ಲ. ದಾನಿಗಳು ಬೆಂಕಿ ಆರಿಸುವವರಿಗೆಂದು ದಪ್ಪನೆಯ ಜಾಕೆಟ್ ಕೊಡಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ಮನೆಯೊಳಗಿನ ಬೆಂಕಿಗೆ ನುಗ್ಗುವ ನಗರದ ಸಿಬ್ಬಂದಿಗೆ ಅದು ಬೇಕು. ಇಳಿಜಾರಿನಲ್ಲಿ ಮೂರು ತಾಸು ಕೊಂಬೆ ಬಡಿಯುವವನಿಗೆ ಅದೇ ಜಾಕೆಟ್ ಒಳಗಿನ ಉರಿಯನ್ನು ಹೊರಗೆ ಬಿಡದೆ ಕೂಡಿಹಾಕುತ್ತದೆ. ಅವನಿಗೆ ಬೇಕಾದ್ದು ಸಡಿಲವಾದ, ಗಾಳಿಯಾಡುವ, ತುಂಬುತೋಳಿನ ಹತ್ತಿ ಬಟ್ಟೆ, ಒಳ್ಳೆಯ ಚರ್ಮದ ಬೂಟು. ಪಾಲಿಯೆಸ್ಟರ್ ಬೆರೆತ ಸಮವಸ್ತ್ರ ಮಾತ್ರ ಬೇಡವೇ ಬೇಡ. ಅದು ಕರಗಿ ಚರ್ಮಕ್ಕೆ ಅಂಟುತ್ತದೆ, ಬಿಡಿಸುವಾಗ ಚರ್ಮವೂ ಜೊತೆಗೆ ಬರುತ್ತದೆ.

ಶಾಖ ಒಳಗಿನಿಂದಲೇ ಬರುವುದಾದರೆ ದೇಹದ ತಾಕತ್ತಿಗೆ ಬೇರೊಂದು ಅರ್ಥ ಬರುತ್ತದೆ. ಒಂದೇ ಕೊಡ ನೀರನ್ನು ಒಂದೇ ಏರಿಗೆ ಹೊತ್ತರೂ, ಪಳಗಿದ ಮೈ ತನ್ನ ಶಕ್ತಿಯ ಅರ್ಧದಲ್ಲಿ ಅದನ್ನು ಮುಗಿಸುತ್ತದೆ, ಪಳಗದ ಮೈ ಹೆಚ್ಚುಕಡಿಮೆ ಪೂರ್ತಿ ಶಕ್ತಿ ಹಾಕಬೇಕಾಗುತ್ತದೆ. ಪಳಗಿದವನಿಗೆ ಬೆವರು ಬೇಗ ಬರುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆ ಇರುತ್ತದೆ. ಸೆಕೆಯಲ್ಲಿ ದಿನಾ ದುಡಿದರೆ ಒಂದೆರಡು ವಾರದಲ್ಲಿ ಈ ಪಳಗುವಿಕೆ ಕೂಡಿಬರುತ್ತದೆ, ಕೆಲವು ವಾರ ಬಿಟ್ಟರೆ ಹೋಗುತ್ತದೆ. ಇದನ್ನು ಯಾರೂ ಬೆಂಕಿ ಬಿದ್ದ ದಿನ ಸಂಪಾದಿಸಲಾರರು.

ನನ್ನ ಮಾತಿನ ತಿರುಳು ಇಷ್ಟೇ: ಬೆಂಕಿ ಆರಿಸುವವನ ಮೈ ತಾಳುತ್ತದೋ ಇಲ್ಲವೋ ಎಂಬುದು ಬೆಂಕಿ ಬೀಳುವುದಕ್ಕೆ ತಿಂಗಳುಗಟ್ಟಲೆ ಮೊದಲೇ ನಿಶ್ಚಯವಾಗಿರುತ್ತದೆ. ಅವನಿಗೆ ಆಗ ಕೆಲಸವಿತ್ತೇ, ಊಟವಿತ್ತೇ, ಯಾರಾದರೂ ಅವನ ಬಿಪಿ ನೋಡಿದ್ದರೇ, ಕಾಡಿನಲ್ಲಿ ಒಣಗಿದ್ದು ಎಷ್ಟು ಕೂಡಿತ್ತು, ಇವು ನಿಶ್ಚಯಿಸುತ್ತವೆ.

ಹೃದಯದ ಬಗ್ಗೆ ಜಗತ್ತಿನಲ್ಲಿ ಹೆಚ್ಚು ಲೆಕ್ಕ ಇಟ್ಟವರು ಅಮೆರಿಕದವರು. ಅಲ್ಲಿ ಬೆಂಕಿ ಆರಿಸುವವರಲ್ಲಿ ಮೂರರಲ್ಲಿ ಇಬ್ಬರ ಹತ್ತಿರ ಸಂಬಳವಿಲ್ಲದ ಸ್ವಯಂಸೇವಕರು. ಹಳ್ಳಿ, ಸಣ್ಣ ಊರುಗಳ ದಳಗಳು ಹೆಚ್ಚಾಗಿ ಇವರ ಮೇಲೇ ನಿಂತಿವೆ. ಹಗಲು ಹೊಲ, ಅಂಗಡಿ, ಶಾಲೆ, ಸೈರನ್ ಕೂಗಿದರೆ ಬೆಂಕಿ. 2007ರಲ್ಲಿ ಹಾರ್ವರ್ಡಿನ ಸ್ಟೆಫನೋಸ್ ಕೇಲ್ಸ್ ಮತ್ತು ಸಂಗಡಿಗರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಲೇಖನ ಬರೆದರು. 1994ರಿಂದ 2004ರವರೆಗೆ ಕರ್ತವ್ಯದ ಮೇಲೆ ಸತ್ತವರ ಪೈಕಿ ಹೃದಯದ ರಕ್ತನಾಳದ ಕಾಯಿಲೆಯಿಂದ ಸತ್ತ 449 ಜನರ ಲೆಕ್ಕ ಅದು. ಬೆಂಕಿ ಆರಿಸುವ ಕೆಲಸಕ್ಕೆ ಅಲ್ಲಿನ ಸಿಬ್ಬಂದಿಯ ವರ್ಷದ ದುಡಿಮೆಯಲ್ಲಿ ಹೋಗುವುದು ಶೇಕಡಾ 1ರಿಂದ 5ರಷ್ಟು ಹೊತ್ತು ಮಾತ್ರ. ಆದರೆ ಆ 449ರಲ್ಲಿ ಶೇಕಡಾ 32 ಸಾವು ನಡೆದದ್ದು ಅದೇ ಹೊತ್ತಿನಲ್ಲಿ. ಮತ್ತೆ ಶೇಕಡಾ 17 ಜನ ಸತ್ತದ್ದು ಕೆಲಸ ಮುಗಿಸಿ ಹಿಂತಿರುಗುವ ಹೊತ್ತಿನಲ್ಲಿ. ಈ ಎರಡನೆಯ ಅಂಕಿಯನ್ನು ನಮ್ಮ ವಲಯ ಅರಣ್ಯಾಧಿಕಾರಿಗಳು ಗೋಡೆಗೆ ಅಂಟಿಸಿಕೊಳ್ಳಬೇಕು. ಬೆಂಕಿ ಆರಿತು ಎಂದ ತಕ್ಷಣ ಜೀಪಿನ ಹಿಂದೆ ಕೂರಿಸಿ ಕಳುಹಿಸಿಬಿಡುವ ಅರ್ಧ ಗಂಟೆಯೂ ಕರ್ತವ್ಯವೇ.

ಯಾಕೆ ಹೀಗಾಗುತ್ತದೆ? ನಿದ್ದೆಯಲ್ಲಿದ್ದ ಹೃದಯ ನಿಮಿಷಕ್ಕೆ ಅರವತ್ತು ಬಡಿತದಿಂದ ನೂರೈವತ್ತು ದಾಟುತ್ತದೆ. ಬೆವರಿನಿಂದ ರಕ್ತ ಗಟ್ಟಿಯಾಗುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಮೀರಿ ಅಂಟುತ್ತದೆ. ಅಂದರೆ ಹೃದಯ ಹೆಚ್ಚು ಕೇಳುವ ಹೊತ್ತಿಗೆ ರಕ್ತ ಕಡಿಮೆ ತಂದುಕೊಡುತ್ತದೆ. ರಕ್ತನಾಳ ಚೆನ್ನಾಗಿರುವವನು ತಡೆದುಕೊಳ್ಳುತ್ತಾನೆ. ಮೊದಲೇ ಬೀಡಿ, ಬಿಪಿ, ಶುಗರ್ ಸೇರಿ ನಾಳ ಕಿರಿದಾದವನು ತಡೆಯುವುದಿಲ್ಲ.

ನಮ್ಮವರ ವಿಷಯದಲ್ಲಿ ಇನ್ನೊಂದು ತೊಡಕು ಇದೆ. ಅದರ ಹೆಸರು ಗ್ಯಾಸ್ಟ್ರಿಕ್. ಮಾರ್ಚ್ ತಿಂಗಳಲ್ಲಿ ನನ್ನ ಹೊರರೋಗಿ ವಿಭಾಗಕ್ಕೆ ಬರುತ್ತಿದ್ದ ನಡುವಯಸ್ಸಿನ ವಾಚರುಗಳು ಎದೆಯ ಮೇಲೆ ಕೈಯಿಟ್ಟು, "ಏನಿಲ್ಲ ಸಾ, ಹೊತ್ಗೆ ಸರಿಯಾಗಿ ಊಟ ಇಲ್ಲ, ಗ್ಯಾಸ್ಟ್ರಿಕ್ ಆಗದೆ, ಒಂದು ಸೂಜಿ ಹಾಕ್ಬುಡಿ" ಅನ್ನುತ್ತಿದ್ದರು. ಇಸಿಜಿ ಮಾಡೋಣ ಎಂದರೆ ಹೆದರುತ್ತಿದ್ದರು. ಕಾಯಿಲೆಯ ಹೆದರಿಕೆ ಅಷ್ಟಿಷ್ಟು, ಕೆಲಸದಿಂದ ತೆಗೆದಾರು ಎಂಬ ಹೆದರಿಕೆಯೇ ಹೆಚ್ಚು. ದಿನಗೂಲಿಯವನಿಗೆ ರೋಗಪತ್ತೆ ಎಂದರೆ ಕೂಲಿ ನಿಲ್ಲುವ ದಾರಿ. ಇದನ್ನು ಬಗೆಹರಿಸದೆ ಆರೋಗ್ಯ ತಪಾಸಣಾ ಶಿಬಿರ ಮಾಡಿದರೆ ಬರುವವರು ಆರೋಗ್ಯವಂತರು ಮಾತ್ರ.

ಹೊಗೆಯ ಮಾತಿಗೆ ಬಂದರೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2022ರಲ್ಲಿ ಬೆಂಕಿ ಆರಿಸುವ ವೃತ್ತಿಯನ್ನೇ ಕ್ಯಾನ್ಸರ್ ತರುವ ಸಂಗತಿಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕು ಇರುವ ಗುಂಪು ಅದು. ನಮ್ಮ ಕಾಡಿನಲ್ಲಿ ಮೂಗಿಗೆ ಕಟ್ಟುವುದು ಒದ್ದೆ ಟವೆಲ್. ಬೂದಿ, ಕಿಡಿ ತಡೆಯಲು ಅದು ಸಾಕು. ಶ್ವಾಸಕೋಶದ ಆಳಕ್ಕೆ ಇಳಿಯುವ ಸೂಕ್ಷ್ಮ ಕಣ ಅದರಲ್ಲಿ ನಿಲ್ಲುವುದಿಲ್ಲ. ಎನ್-95 ಮಾಸ್ಕ್ ಕಣ ತಡೆಯುತ್ತದೆ, ಆದರೆ ಏರು ಹತ್ತುವಾಗ ಉಸಿರು ಕಟ್ಟುತ್ತದೆಂದು ತೆಗೆದುಬಿಡುತ್ತಾರೆ. ಕಾರ್ಬನ್ ಮಾನಾಕ್ಸೈಡಿಗೆ ಅದೂ ಅಡ್ಡವಲ್ಲ. ಹೊಗೆಯಿಂದ ಸರದಿಯ ಮೇಲೆ ಹೊರಬರುವುದೊಂದೇ ನಂಬಬಹುದಾದ ಉಪಾಯ. ಸರದಿ ಇರಬೇಕಾದರೆ ಜನ ಸಾಕಷ್ಟು ಇರಬೇಕು. ನಾನು ಯಾವ ದಾರಿಯಲ್ಲಿ ಹೋದರೂ ಕೊನೆಗೆ ಹಾಜರಿ ಪುಸ್ತಕಕ್ಕೇ ಬಂದು ನಿಲ್ಲುತ್ತೇನೆ, ಕ್ಷಮಿಸಿ.

ಈಗ ಊಟ. ಮೊಂಟಾನಾ ವಿಶ್ವವಿದ್ಯಾಲಯದ ಬ್ರೆಂಟ್ ರೂಬಿ ಮತ್ತು ಸಂಗಡಿಗರು ಕಾಡುಬೆಂಕಿ ಆರಿಸುವವರಿಗೆ ಗುರುತು ಹಾಕಿದ ನೀರು ಕುಡಿಸಿ, ಮೂತ್ರದಲ್ಲಿ ಅದರ ಜಾಡು ಹಿಡಿದು, ದಿನಕ್ಕೆ ಎಷ್ಟು ಶಕ್ತಿ ಖರ್ಚಾಗುತ್ತದೆಂದು ಅಳೆದರು. ಸರಾಸರಿ ಸುಮಾರು 4,200 ಕಿಲೋಕ್ಯಾಲೊರಿ, ಕೆಲವರಿಗೆ 6,000ದ ಆಚೆ. ಅವರ ಮೈತೂಕ ನಮ್ಮವರಿಗಿಂತ ಹೆಚ್ಚು, ಆದ್ದರಿಂದ ನಮ್ಮ ಐವತ್ತೈದು ಕಿಲೋ ಮನುಷ್ಯನಿಗೆ ಮೂರು ಸಾವಿರದ ಮೇಲೆ ಇಟ್ಟುಕೊಳ್ಳಿ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ 320ರಷ್ಟು ಇದೆ. ನೂರೈವತ್ತು ಗ್ರಾಂ ಹಿಟ್ಟಿನ ದೊಡ್ಡ ಮುದ್ದೆ ಎಂದರೂ ದಿನಕ್ಕೆ ಆರೇಳು ಮುದ್ದೆ ಆಯಿತು. ಯಾರು ತಿನ್ನುತ್ತಾರೆ? ಬೆಳಿಗ್ಗೆ ಟೀ-ಬನ್ ತಿಂದು ಹೋದವನಿಗೆ ಮಧ್ಯಾಹ್ನ ಮೂರಕ್ಕೆ ಜೀಪಿನಲ್ಲಿ ಚಿತ್ರಾನ್ನದ ಪೊಟ್ಟಣ ಬರುತ್ತದೆ. ಅಷ್ಟು ಹೊತ್ತಿಗೆ ಬಾಯಿ ಒಣಗಿ ಅನ್ನ ಇಳಿಯುವುದಿಲ್ಲ, ಅರ್ಧ ಮಂಗಗಳ ಪಾಲು. ನಮ್ಮ ಹಿರಿಯರು ಹೊಲಕ್ಕೆ ಒಯ್ಯುತ್ತಿದ್ದ ಉಪ್ಪು ಬೆರೆಸಿದ ಮಜ್ಜಿಗೆ, ರಾಗಿ ಅಂಬಲಿ, ಕಡಲೆಕಾಯಿ, ಬೆಲ್ಲ ಇವುಗಳಿಗಿಂತ ಮೇಲಾದ್ದನ್ನು ಯಾವ ಕಂಪನಿಯೂ ಪೊಟ್ಟಣದಲ್ಲಿ ಮಾರುತ್ತಿಲ್ಲ. ಕೆಲಸದ ನಡುವೆ ಸ್ವಲ್ಪಸ್ವಲ್ಪವೇ ಬಾಯಿಗೆ ಹಾಕಿಕೊಳ್ಳುವಂತಿರಬೇಕು, ಅಷ್ಟೇ. ನೀರು ತಾಸಿಗೆ ಒಂದು ಲೀಟರಿನಂತೆ ಬೆವರಿನಲ್ಲಿ ಹೋಗುತ್ತದೆ. ಉಪ್ಪಿಲ್ಲದ ಬರೀ ನೀರನ್ನೇ ಹೊಟ್ಟೆ ತುಂಬ ಕುಡಿಯುವುದೂ ಅಪಾಯ, ರಕ್ತದ ಸೋಡಿಯಂ ಕುಸಿದು ಮನುಷ್ಯ ಕುಡಿದವನಂತೆ ತೊದಲುತ್ತಾನೆ. ಅವನನ್ನು ಕುಡುಕ ಎಂದು ಬೈದು ಮನೆಗೆ ಅಟ್ಟಿದ್ದೂ ಉಂಟು.

ಇಲ್ಲಿಂದ ಮುಂದೆ ನಾನು ಹೇಳುವುದನ್ನು ಆರೋಗ್ಯ ಇಲಾಖೆಯವರು ಗಮನವಿಟ್ಟು ಕೇಳಬೇಕು. 1952ರಲ್ಲಿ ಲೇಹ್‌ಮನ್ ಮತ್ತು ಕಟ್‌ಬುಶ್ ಎಂಬಿಬ್ಬರು ನೀಲಗಿರಿಯ ಬುಡಕಟ್ಟುಗಳ ರಕ್ತದಲ್ಲಿ ಕುಡಗೋಲು ಕಣದ (ಸಿಕಲ್ ಸೆಲ್) ಗುಣವನ್ನು ಕಂಡು ವರದಿ ಮಾಡಿದರು. ನೀಲಗಿರಿಯ ಈ ಕಡೆಯ ಇಳಿಜಾರೇ ಬಂಡೀಪುರ. ನಮ್ಮ ಕಾಡಂಚಿನ ಸಮುದಾಯಗಳಲ್ಲೂ ಈ ಗುಣ ಇದೆ. ತಂದೆ ತಾಯಿ ಇಬ್ಬರಿಂದಲೂ ಬಂದರೆ ಸಿಕಲ್ ಸೆಲ್ ಕಾಯಿಲೆ, ಒಬ್ಬರಿಂದ ಮಾತ್ರ ಬಂದರೆ ವಾಹಕ. ವಾಹಕ ಎಲ್ಲರಂತೆ ಬದುಕುತ್ತಾನೆ, ಮದುವೆಯ ಹೊತ್ತಿಗೆ ಮಾತ್ರ ವಿಚಾರಿಸಿಕೊಳ್ಳಬೇಕು ಎಂದು ನಾವು ಹೇಳಿಕೊಡುತ್ತೇವೆ. ಬಹುಪಾಲು ಅದು ನಿಜ. ಆದರೆ ಮಿತಿಮೀರಿದ ದುಡಿಮೆ, ಸೆಕೆ, ನೀರಿನ ಕೊರತೆ ಮೂರೂ ಒಟ್ಟಿಗೆ ಬಂದಾಗ ವಾಹಕನ ಮೈಯಲ್ಲೂ ಮಾಂಸಖಂಡ ಒಡೆದು, ಮೂತ್ರಪಿಂಡ ಕಟ್ಟಿಕೊಂಡು, ಪ್ರಾಣಕ್ಕೆ ಬರಬಹುದು.

ಇದು ಗೊತ್ತಾದದ್ದು ಅಮೆರಿಕದ ಸೈನ್ಯದಿಂದ. 1987ರ ಒಂದು ಅಧ್ಯಯನದಲ್ಲಿ, ತರಬೇತಿಗೆ ಸೇರಿದ ಕರಿಯ ಯುವಕರಲ್ಲಿ ವಾಹಕರಾಗಿದ್ದವರು ಹಠಾತ್ತನೆ ಸಾಯುವ ಸಂಭವ ಉಳಿದವರಿಗಿಂತ ಇಪ್ಪತ್ತೆಂಟು ಪಟ್ಟು ಹೆಚ್ಚಿತ್ತು. ಆಮೇಲೆ ಸೈನ್ಯದಲ್ಲಿ ಎಲ್ಲರಿಗೂ, ವಾಹಕರು ಯಾರೆಂದು ಬೇರ್ಪಡಿಸದೆ, ನೀರು, ನೆರಳು, ವಿಶ್ರಾಂತಿ, ಮೆಲ್ಲಮೆಲ್ಲಗೆ ಹೆಚ್ಚಿಸುವ ದುಡಿಮೆ ಎಂಬ ನಿಯಮಗಳು ಬಂದವು. 2016ರಲ್ಲಿ ಸುಮಾರು 48,000 ಕರಿಯ ಸೈನಿಕರ ದಾಖಲೆ ನೋಡಿದಾಗ ವಾಹಕರ ಸಾವು ಉಳಿದವರಿಗಿಂತ ಹೆಚ್ಚಿರಲಿಲ್ಲ. ಮಾಂಸಖಂಡ ಒಡೆಯುವ ಅಪಾಯ ಮಾತ್ರ ಶೇಕಡಾ 54 ಹೆಚ್ಚೇ ಉಳಿದಿತ್ತು. ಈ ಎರಡು ಅಧ್ಯಯನಗಳನ್ನು ಜೊತೆಗಿಟ್ಟು ಓದಿದರೆ ನನಗೆ ಕಾಣುವುದು, ರಕ್ತದ ಗುಣ ಬದಲಾಗಲಿಲ್ಲ, ಕೆಲಸ ಮಾಡಿಸುವ ರೀತಿ ಬದಲಾಯಿತು.

ನಮ್ಮಲ್ಲಿ 2023ರ ಜುಲೈನಲ್ಲಿ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರುವಾಗಿದೆ. ಒಳ್ಳೆಯ ಕೆಲಸ. ಆದರೆ ಅದರ ಗುರಿ ನಲವತ್ತು ವರ್ಷದವರೆಗಿನವರು, ಏಕೆಂದರೆ ಮುಂದಿನ ಪೀಳಿಗೆಯ ಚಿಂತೆ ಅದರದ್ದು. ನಲವತ್ತೈದರ ಫೈರ್ ವಾಚರ್ ಅದರ ಹೊರಗೆ ಉಳಿಯುತ್ತಾನೆ. ಅವನನ್ನೂ ಪರೀಕ್ಷಿಸಿ ಎಂದು ನಾನು ಕೇಳುತ್ತೇನೆ, ಜೊತೆಗೆ ಒಂದು ಷರತ್ತು: ಆ ಫಲಿತಾಂಶ ಗುತ್ತಿಗೆದಾರನ ಕೈಗೆ ಹೋಗಕೂಡದು. ಹೋದರೆ ಮರುವರ್ಷ ಅವನ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ.

ತಾಕತ್ತಿನ ಪರೀಕ್ಷೆ ಬೇಡವೇ ಎಂದು ಕೇಳಬಹುದು. ಅಮೆರಿಕದಲ್ಲಿ ಕಾಡುಬೆಂಕಿ ಆರಿಸುವವರಿಗೆ ಪ್ಯಾಕ್ ಟೆಸ್ಟ್ ಇದೆ: 45 ಪೌಂಡು, ಅಂದರೆ ಇಪ್ಪತ್ತು ಕಿಲೋ ಹೊರೆ ಹೊತ್ತು 3 ಮೈಲಿಯನ್ನು 45 ನಿಮಿಷದಲ್ಲಿ ಓಡದೆ ನಡೆಯಬೇಕು. ನಮ್ಮ ಭಾರತೀಯ ಅರಣ್ಯ ಸೇವೆಯ (ಐಎಫ್‌ಎಸ್) ಆಯ್ಕೆಯಲ್ಲೂ ಗಂಡಸರು ನಾಲ್ಕು ತಾಸಿನಲ್ಲಿ 25 ಕಿಲೋಮೀಟರ್, ಹೆಂಗಸರು 14 ಕಿಲೋಮೀಟರ್ ನಡೆಯಬೇಕು. ಸೇರುವಾಗ ಒಮ್ಮೆ ನಡೆದರೆ ಆಯಿತು. ಪ್ಯಾಕ್ ಟೆಸ್ಟನ್ನು ಹಾಗೇ ತಂದು ನಮ್ಮ ವಾಚರುಗಳಿಗೆ ಹಾಕಬೇಕೆನ್ನುವವರಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ಎಂಬತ್ತು ಕಿಲೋ ಮನುಷ್ಯನಿಗೆ ಇಪ್ಪತ್ತು ಕಿಲೋ ಹೊರೆ ಕಾಲುಭಾಗ, ಐವತ್ತು ಕಿಲೋದವನಿಗೆ ಐದರಲ್ಲಿ ಎರಡು ಪಾಲು. ಜೊತೆಗೆ, ಮೊದಲು ಬಿಪಿಯನ್ನೂ ನೋಡದೆ ಇಂಥ ಪರೀಕ್ಷೆ ನಡೆಸಿದರೆ ಪರೀಕ್ಷೆಯೇ ಹೃದಯಾಘಾತ ತರಬಹುದು.

ನಮ್ಮಲ್ಲೇ ಒಂದು ತರಬೇತಿ ಇತ್ತು, ಅದನ್ನು ಯಾರೂ ತರಬೇತಿ ಎಂದು ಕರೆಯಲಿಲ್ಲ. ಬೆಂಕಿ ರೇಖೆ ಮಾಡುವ ಕೆಲಸ. ಮಳೆ ನಿಂತ ಮೇಲೆ, ನವೆಂಬರಿನಿಂದ ಜನವರಿಯವರೆಗೆ, ರಸ್ತೆಯ ಎರಡೂ ಬದಿ, ಬೀಟಿನ (ಗಾರ್ಡಿನ ಕಾವಲು ವ್ಯಾಪ್ತಿಯ) ಗಡಿಯುದ್ದಕ್ಕೂ ಹುಲ್ಲು ಸವರಿ, ಲಂಟಾನ ಪೊದೆ ಕಡಿದು, ಒಣಗಿಸಿ, ಎಚ್ಚರದಿಂದ ಸುಡುವುದು. ತಂಪು ಹೊತ್ತಿನಲ್ಲಿ ಶುರುವಾಗಿ ಬಿಸಿಲೇರುತ್ತಾ ಹೋಗುವ ಈ ಕೆಲಸ, ದೇಹವನ್ನು ಸೆಕೆಗೂ ಏರಿಗೂ ಬೇಕಾದ ಕ್ರಮದಲ್ಲೇ ಪಳಗಿಸುತ್ತದೆ. ಯಾವ ಬೀಟಿನಲ್ಲಿ ಎಲ್ಲಿ ಹಳ್ಳ, ಎಲ್ಲಿ ಬಂಡೆ, ಓಡಬೇಕಾದರೆ ಯಾವ ಕಡೆ ಎಂಬುದೂ ಕಾಲಿಗೆ ಗೊತ್ತಾಗುತ್ತದೆ. ಈಗ ಹಲವು ಕಡೆ ಈ ಕೆಲಸವನ್ನು ಯಂತ್ರ ಹಿಡಿದ ಹೊರಗಿನ ಗುತ್ತಿಗೆ ತಂಡ ಮಾಡುತ್ತದೆ, ಬೆಂಕಿ ಕಾಯುವವನನ್ನು ಫೆಬ್ರುವರಿಯಲ್ಲಿ ಕರೆಸಿಕೊಳ್ಳುತ್ತಾರೆ. ರೇಖೆ ಚೊಕ್ಕಟವಾಗಿರುತ್ತದೆ, ಮೈ ಸಿದ್ಧವಿರುವುದಿಲ್ಲ. ರೇಖೆ ಕಡಿದವರನ್ನೇ ಬೆಂಕಿ ಕಾಯಲು ಇಟ್ಟುಕೊಳ್ಳಿ ಎಂಬುದು ವೈದ್ಯನಾಗಿ ನಾನು ಬರೆಯಬಲ್ಲ ಅತ್ಯಂತ ಅಗ್ಗದ ಚೀಟಿ.

ಬೆಟ್ಟದ ಸೋಲಿಗರಿಗೆ ತರಗು ಬೆಂಕಿ ಎಂಬ ಪದ್ಧತಿ ಇತ್ತು. ಬೇಸಿಗೆ ಏರುವ ಮೊದಲೇ ಉದುರಿದ ಎಲೆಗೆ ಸಣ್ಣ ಉರಿ ಕೊಡುವುದು. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು, ಲಂಟಾನ ಹಬ್ಬಿತು. ಲಂಟಾನ ಹಬ್ಬಿದ್ದಕ್ಕೆ ಅದೇ ಕಾರಣವೋ ಬೇರೆ ಕಾರಣವೂ ಉಂಟೋ ಎಂಬ ಚರ್ಚೆಯನ್ನು ಸಸ್ಯಶಾಸ್ತ್ರದವರಿಗೆ ಬಿಡುತ್ತೇನೆ. ನಾನು ನೋಡುವುದು ಉರಿಯ ಎತ್ತರ. ಮೊಳಕಾಲಿನೆತ್ತರದ ತರಗಿನ ಉರಿಯನ್ನು ಸೊಪ್ಪಿನಿಂದ ಬಡಿದು ಆರಿಸಬಹುದು. ಆಳೆತ್ತರದ ಲಂಟಾನ ಹೊತ್ತಿಕೊಂಡರೆ ಹತ್ತಿರ ಹೋಗಲೂ ಆಗುವುದಿಲ್ಲ. ಲಂಟಾನ ತೆಗೆಯುವ ಯೋಜನೆಗಳಿಗೆ ಹಣ ಕೇಳುವಾಗ ಆನೆಯ ಮೇವು, ಜಿಂಕೆಯ ಹುಲ್ಲು ಎಂದು ಬರೆಯುತ್ತಾರೆ. ವಾಚರಿನ ಹೃದಯ ಎಂದೂ ಒಂದು ಸಾಲು ಸೇರಿಸಬಹುದು.

ಮಲೆನಾಡಿನವರಿಗೆ ಇನ್ನೊಂದು ಮಾತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆಗೂ ಕಾಡುಬೆಂಕಿಗೂ ಕಾಲ ಒಂದೇ. ಒಣ ತರಗಿನಲ್ಲಿ ಆ ಕಾಯಿಲೆ ಹರಡುವ ಉಣುಗು, ಅದೇ ತರಗಿನಲ್ಲಿ ಕಿಡಿ. ಬೆಂಕಿ ಆರಿಸಿ ಬಂದವನಿಗೆ ಜ್ವರ ಬಂದರೆ ದಣಿವಿನ ಜ್ವರ ಎಂದು ಮಲಗಿಸಬೇಡಿ.

ತಾಲ್ಲೂಕು ಠಾಣೆಯ ಅಗ್ನಿಶಾಮಕ ಗೆಳೆಯರು ತಮ್ಮ ಸರದಿ ಯಾವಾಗ ಎಂದು ನೋಡುತ್ತಿದ್ದಾರೆ. ನಿಮ್ಮ ಕಷ್ಟ ಬೇರೆ ರೀತಿಯದು. ವಾಚರಿಗೆ ದುಡಿಮೆ ಹೆಚ್ಚಾಗಿ ಕಾಯಿಲೆ, ನಿಮಗೆ ಕಾಯುವುದು ಹೆಚ್ಚಾಗಿ ಕಾಯಿಲೆ. ಗಂಟೆಗಟ್ಟಲೆ ಕೂತು, ಒಮ್ಮೆಲೇ ಗಂಟೆ ಬಾರಿಸಿದಾಗ ಓಡಿ, ರಾತ್ರಿಯಿಡೀ ಹುಲ್ಲಿನ ಬಣವೆ ಕೆದಕಿ ನೀರು ಹೊಡೆದು, ಬೆಳಗಿನ ಜಾವ ಬಂದು ಮಲಗಿದರೆ ನಿದ್ದೆ ಇಲ್ಲ. ಹೊಟ್ಟೆ ಬೆಳೆಯುತ್ತದೆ. ಠಾಣೆಯ ಅಂಗಳದಲ್ಲಿ ವಾಲಿಬಾಲ್ ನೆಟ್ ಇದ್ದರೆ ಮೇಲಧಿಕಾರಿಗಳು ಅದನ್ನು ಕಾಲಹರಣ ಎಂದುಕೊಳ್ಳಬಾರದು. ವರ್ಷಕ್ಕೊಮ್ಮೆ ಇಸಿಜಿ, ಶುಗರ್, ಸೊಂಟದ ಸುತ್ತಳತೆ, ಇಷ್ಟಕ್ಕೆ ಜಿಲ್ಲಾಸ್ಪತ್ರೆ ಸಾಕು.

ಕೊನೆಯದಾಗಿ ವಯಸ್ಸು. ಐವತ್ತು ದಾಟಿದ ವಾಚರನ್ನು ಏನು ಮಾಡಬೇಕು? ತೆಗೆದುಹಾಕಿ ಎಂದರೆ ಸುಲಭ. ಆದರೆ ಬೀಟಿನ ಗಾಳಿ ಮಧ್ಯಾಹ್ನ ಎರಡರ ಮೇಲೆ ಯಾವ ಕಡೆ ತಿರುಗುತ್ತದೆ, ಆನೆ ಯಾವ ಕಡೆ ಇಳಿದಿದೆ ಎಂದು ಹೇಳಬಲ್ಲವನು ಅವನೇ. 1991ರಲ್ಲಿ ಅಮೆರಿಕದ ಪಾಲ್ ಗ್ಲೀಸನ್ ಎಂಬ ಅನುಭವಿ ಬೆಂಕಿ ತಂಡಗಳಿಗೆ ನಾಲ್ಕು ನಿಯಮ ಹೇಳಿದ: ನೋಡುವವನೊಬ್ಬ ಇರಲಿ, ಮಾತು ತಲುಪುತ್ತಿರಲಿ, ಓಡುವ ದಾರಿ ಗೊತ್ತಿರಲಿ, ಸೇರುವ ಸುರಕ್ಷಿತ ಜಾಗ ಇರಲಿ. ಮೊದಲನೆಯ ಕೆಲಸಕ್ಕೆ ಇಪ್ಪತ್ತೈದರ ಹುಡುಗ ಬೇಕಿಲ್ಲ. ಅವನ ಬೆನ್ನಿಗೆ ನೀರಿನ ಪಂಪು ಕೊಡಿ. ಹಿರಿಯನನ್ನು ಎದುರಿನ ದಿಬ್ಬದ ಮೇಲೆ ನಿಲ್ಲಿಸಿ, ಕೈಗೆ ವಾಕಿಟಾಕಿ ಕೊಡಿ, ಅವನು "ಬಿಟ್ಟು ಬನ್ರೋ" ಎಂದರೆ ವಲಯಾಧಿಕಾರಿಯೂ ಬಿಟ್ಟು ಬರಬೇಕೆಂದು ಲಿಖಿತ ಆದೇಶ ಮಾಡಿ. ಕೂಲಿ ಇಬ್ಬರಿಗೂ ಒಂದೇ ಇರಲಿ.